ಮಂಗಳೂರಿನಲ್ಲಿ ನಾಯಿ, ದನ, ಹಕ್ಕಿ ಸಾಕುವವರಿಗೆ: ಪಾಲಿಸಬೇಕಾದ ನಿಯಮಗಳು, ಇಟ್ಟುಕೊಳ್ಳಬೇಕಾದ ಕಾಗದಗಳು

ಪ್ರಾಣಿಯನ್ನು ಮನೆಗೆ ತರುವ ಮುನ್ನ ನಿಮ್ಮ ಮನೆ ಯಾವ ಸ್ಥಳೀಯ ಸಂಸ್ಥೆಯ ವ್ಯಾಪ್ತಿಗೆ ಸೇರಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ವಿಳಾಸದ ಕೊನೆಯಲ್ಲಿ ಮಂಗಳೂರು ಎಂದು ಬರೆದ ಮಾತ್ರಕ್ಕೆ ಅದು ಮಹಾನಗರಪಾಲಿಕೆಯ ಪ್ರದೇಶವಾಗುವುದಿಲ್ಲ. ಸುರತ್ಕಲ್ ಪಾಲಿಕೆಯೊಳಗಿದೆ, ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟಿಗೆ ಹೋದರೆ ಅದು ಉಳ್ಳಾಲ ನಗರಸಭೆ, ನೀರುಮಾರ್ಗದಲ್ಲಿ ಗ್ರಾಮ ಪಂಚಾಯತ್. ಪಾಲಿಕೆಗೆ 1976ರ ಕರ್ನಾಟಕ ಮಹಾನಗರಪಾಲಿಕೆಗಳ ಕಾಯ್ದೆ, ಉಳ್ಳಾಲ ಮತ್ತು ಉಡುಪಿಯಂಥ ನಗರಸಭೆಗಳಿಗೆ 1964ರ ಪುರಸಭೆಗಳ ಕಾಯ್ದೆ, ಪಂಚಾಯತ್‌ಗಳಿಗೆ 1993ರ ಪಂಚಾಯತ್ ರಾಜ್ ಕಾಯ್ದೆ ಅನ್ವಯವಾಗುವುದರಿಂದ ಪರವಾನಗಿ ಕೊಡುವ ಕಚೇರಿಯೂ ದೂರು ಕೇಳುವ ಅಧಿಕಾರಿಯೂ ಬೇರೆಬೇರೆಯಾಗುತ್ತಾರೆ. ಮನೆ ತೆರಿಗೆಯ ರಶೀದಿಯನ್ನು ನೋಡಿದರೆ ಈ ಸಂದೇಹ ಒಂದೇ ನಿಮಿಷದಲ್ಲಿ ಪರಿಹಾರವಾಗುತ್ತದೆ.

ಪಾಲಿಕೆಯ ಕಾಯ್ದೆ ಈ ವಿಷಯದಲ್ಲಿ ಮುಖ್ಯವಾಗಿ ಮೂರು ಸಂಗತಿಗಳನ್ನು ಗಮನಿಸುತ್ತದೆ. ಅನುಮತಿಯಿಲ್ಲದೆ ಹಂದಿ ಸಾಕುವಂತಿಲ್ಲ. ಯಾವ ಪ್ರಾಣಿಯನ್ನೂ ನೆರೆಹೊರೆಯವರಿಗೆ ಉಪದ್ರವವಾಗುವಂತೆ ಅಥವಾ ಅಪಾಯವಾಗುವಂತೆ ಇಟ್ಟುಕೊಳ್ಳುವಂತಿಲ್ಲ. ಲಾಭದ ಉದ್ದೇಶದಿಂದ ನಾಲ್ಕು ಕಾಲಿನ ಪ್ರಾಣಿಗಳನ್ನು ಕಟ್ಟುವ ಹಟ್ಟಿ, ಕೊಟ್ಟಿಗೆ, ಅಂಗಳಗಳಿಗೆ ಪರವಾನಗಿ ಪಡೆಯಬೇಕು. ಮನೆಯ ಉಪಯೋಗಕ್ಕೆ ಒಂದು ಹಸು ಕಟ್ಟಿದವರಿಗೂ ಹತ್ತು ಹಸು ಕಟ್ಟಿ ಹಾಲು ಮಾರುವವರಿಗೂ ಇರುವ ವ್ಯತ್ಯಾಸ ಇದೇ. ಶುಲ್ಕ, ಅರ್ಜಿ ನಮೂನೆ ಮತ್ತು ನವೀಕರಣದ ಅವಧಿಯನ್ನು ಲಾಲ್‌ಬಾಗ್‌ನ ಪಾಲಿಕೆ ಕಚೇರಿಯ ಆರೋಗ್ಯ ವಿಭಾಗದಲ್ಲೇ ಕೇಳಿ ತಿಳಿಯುವುದು ಒಳ್ಳೆಯದು, ಏಕೆಂದರೆ ಇವು ಆಗಾಗ ಪರಿಷ್ಕರಣೆಯಾಗುತ್ತವೆ, ಮತ್ತು ಪಕ್ಕದ ಮನೆಯವರು ಹಿಂದೆಂದೋ ಕಟ್ಟಿದ ಮೊತ್ತ ನಿಮಗೆ ಲೆಕ್ಕಕ್ಕೆ ಬರುವುದಿಲ್ಲ.

ನಾಯಿ

ನಾಯಿ ಸಾಕುವವರ ಬಳಿ ಇರಲೇಬೇಕಾದ ಕಾಗದವೆಂದರೆ ಲಸಿಕೆಯ ಕಾರ್ಡು. ಮರಿಗೆ ಮೂರು ತಿಂಗಳು ತುಂಬಿದಾಗ ರೇಬಿಸ್ ನಿರೋಧಕ ಚುಚ್ಚುಮದ್ದಿನ ಮೊದಲ ಡೋಸ್, ಬಳಿಕ ಪಶುವೈದ್ಯರು ಸೂಚಿಸಿದಂತೆ ಮತ್ತೊಂದು, ಅನಂತರ ವರ್ಷಕ್ಕೊಮ್ಮೆ ಹಾಕಿಸಿ, ಪ್ರತಿ ಸಲವೂ ದಿನಾಂಕ, ಲಸಿಕೆಯ ಬ್ಯಾಚ್ ಸಂಖ್ಯೆ ಮತ್ತು ವೈದ್ಯರ ಮೊಹರು ಕಾರ್ಡಿನಲ್ಲಿ ದಾಖಲಾಗುವಂತೆ ನೋಡಿಕೊಳ್ಳಬೇಕು. ಪರವಾನಗಿ ಕೇಳಲು ಹೋದಾಗಲೂ, ಕಚ್ಚಿದ ಪ್ರಕರಣ ಪೊಲೀಸ್ ಠಾಣೆಗೆ ಹೋದಾಗಲೂ ಮೊದಲು ಕೇಳುವುದು ಇದನ್ನೇ. ಕರಾವಳಿಯ ಮಳೆಗಾಲದಲ್ಲಿ ಇಲಿಜ್ವರ ಹೆಚ್ಚಾಗಿ ಕಾಣಿಸಿಕೊಳ್ಳುವುದರಿಂದ, ಅದನ್ನೂ ತಡೆಯುವ ಸಂಯುಕ್ತ ಲಸಿಕೆಯನ್ನು ಮೇ ತಿಂಗಳೊಳಗೆ ಹಾಕಿಸುವುದು ವಿವೇಕದ ಕ್ರಮ. ಕಾನೂನು ಇದನ್ನು ಕೇಳುವುದಿಲ್ಲ, ಆದರೆ ಅಂಗಳದಲ್ಲಿ ನೀರು ನಿಲ್ಲುವ ನಮ್ಮ ಊರು ಕೇಳುತ್ತದೆ.

ಮರಿಯನ್ನು ಹಣ ಕೊಟ್ಟು ತರುವುದಾದರೆ 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳನ್ನು ನೆನಪಿಡಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿತರಾಗಿರಬೇಕು. ರಶೀದಿ ಕೊಡಲು ಹಿಂಜರಿಯುವವರಿಂದ ಮರಿ ತರದಿರುವುದೇ ಮೇಲು. ಪಿಟ್‌ಬುಲ್ ಮುಂತಾದ ತಳಿಗಳನ್ನು ನಿಷೇಧಿಸಲಾಗಿದೆ ಎಂದು ಈಗಲೂ ಹೇಳುವವರಿದ್ದಾರೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ್ದ ಆ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಅದೇ ವರ್ಷದ ಏಪ್ರಿಲ್‌ನಲ್ಲಿ ರದ್ದುಪಡಿಸಿತು. ಹಾಗೆಂದು ಅಂಥ ನಾಯಿಯನ್ನು ಸಣ್ಣ ಫ್ಲಾಟ್‌ನಲ್ಲಿ ಇಟ್ಟುಕೊಳ್ಳುವುದು ಸರಿಯೆಂದು ಅರ್ಥವಲ್ಲ.

ನಮ್ಮಲ್ಲಿ ಹಗಲೆಲ್ಲ ನಾಯಿಯನ್ನು ಗೂಡಿನಲ್ಲಿ ಹಾಕಿ ಅಥವಾ ಸರಪಳಿಯಲ್ಲಿ ಕಟ್ಟಿ, ರಾತ್ರಿ ಗೇಟು ತೆರೆದು ಬಿಡುವ ಪದ್ಧತಿ ಇನ್ನೂ ಇದೆ. ಇದು ಎರಡು ಕಡೆಯಿಂದಲೂ ತಪ್ಪು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಕಾರಣವಾಗಿ ಹೆಚ್ಚು ಹೊತ್ತು ಕಟ್ಟಿಹಾಕುವುದೂ, ಸದಾ ಕಟ್ಟಿಹಾಕಿದ ನಾಯಿಗೆ ಓಡಾಡುವ ಅವಕಾಶ ಕೊಡದಿರುವುದೂ, ಸಾಕಿದ ಪ್ರಾಣಿಯನ್ನು ಹಸಿದು ನರಳುವಂತೆ ಬೀದಿಯಲ್ಲಿ ಬಿಟ್ಟುಬರುವುದೂ ಹಿಂಸೆಯೇ. ಮೊದಲ ಅಪರಾಧಕ್ಕೆ ಆ ಕಾಯ್ದೆ ವಿಧಿಸಿದ ದಂಡ 10ರಿಂದ 50 ರೂಪಾಯಿ. ಇಂದಿನ ಕಾಲಕ್ಕೆ ಹೋಟೆಲಿನ ಎರಡು ಕಾಫಿಯ ಬೆಲೆ ಎಂದು ನಗುವವರು, ರಾತ್ರಿ ಬಿಟ್ಟ ನಾಯಿ ದಾರಿಹೋಕರನ್ನು ಕಚ್ಚಿದಾಗ ಬೇರೆ ಕಾನೂನು ಬರುತ್ತದೆ ಎಂಬುದನ್ನು ಮರೆಯುತ್ತಾರೆ. ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ಎಚ್ಚರ ವಹಿಸದವರಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿವರೆಗಿನ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಕಚ್ಚಿದ್ದು ನಿಮ್ಮ ನಾಯಿಯೇ ಆಗಿದ್ದರೆ ವಾದಕ್ಕಿಳಿಯದೆ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಸಿ, ಅದೇ ದಿನ ವೆನ್ಲಾಕ್‌ಗಾಗಲಿ ಹತ್ತಿರದ ಸರ್ಕಾರಿ ಆಸ್ಪತ್ರೆಗಾಗಲಿ ಕರೆದೊಯ್ದು, ಲಸಿಕೆ ಕಾರ್ಡಿನ ಪ್ರತಿಯನ್ನು ವೈದ್ಯರಿಗೆ ತೋರಿಸಬೇಕು.

ಕದ್ರಿ, ಬಿಜೈ, ಕಂಕನಾಡಿಯಂಥ ಕಡೆ ಫ್ಲಾಟ್‌ಗಳಲ್ಲಿ ಇರುವವರಿಗೆ ಪಾಲಿಕೆಗಿಂತ ಅಸೋಸಿಯೇಷನ್ ಜತೆಗಿನ ತಕರಾರೇ ಹೆಚ್ಚು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಬಹುಮತದ ನಿರ್ಣಯದಿಂದಲೂ ಸಾಕುಪ್ರಾಣಿಗಳನ್ನು ನಿಷೇಧಿಸಲು ಅಸೋಸಿಯೇಷನ್‌ಗೆ ಅಧಿಕಾರವಿಲ್ಲ; ಲಿಫ್ಟ್ ಬಳಸಬಾರದೆಂದು ಸಾರಾಸಗಟಾಗಿ ತಡೆಯುವಂತೆಯೂ ಇಲ್ಲ. ಅದೇ ಮಾರ್ಗಸೂಚಿ ನಾಯಿ ಮಾಡಿದ ಹೊಲಸನ್ನು ಒಡೆಯರೇ ತೆಗೆಯಬೇಕು, ಸಾಮಾನ್ಯ ಜಾಗಗಳಲ್ಲಿ ಬೆಲ್ಟ್ ಹಾಕಿ ನಡೆಸಬೇಕು ಎಂದೂ ಸಲಹೆ ನೀಡುತ್ತದೆ. ಮೊದಲ ಭಾಗವನ್ನು ಮಾತ್ರ ಮುದ್ರಿಸಿ ನೋಟಿಸ್ ಬೋರ್ಡಿಗೆ ಅಂಟಿಸುವವರು ಜಗಳವನ್ನು ಬೆಳೆಸುತ್ತಾರೆ. ಬಾಡಿಗೆದಾರರು ಮಾತ್ರ ಕರಾರುಪತ್ರಕ್ಕೆ ಸಹಿ ಹಾಕುವ ಮುನ್ನವೇ ಪ್ರಾಣಿಯ ವಿಷಯವನ್ನು ಅದರಲ್ಲಿ ಬರೆಸಿಕೊಳ್ಳಬೇಕು.

ಬೀದಿನಾಯಿಗಳಿಗೆ ಅನ್ನ ಹಾಕುವವರು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳನ್ನೂ, ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ನೀಡಿದ ಆದೇಶವನ್ನೂ ತಿಳಿದಿರಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ಬಳಿಕ ನಾಯಿಯನ್ನು ಹಿಡಿದ ಜಾಗದಲ್ಲೇ ಬಿಡಬೇಕು, ರೇಬಿಸ್ ಇರುವ ಅಥವಾ ಆಕ್ರಮಣಕಾರಿಯಾದ ನಾಯಿಗಳನ್ನು ಬಿಡಬಾರದು. ಕಂಡಕಂಡ ಬೀದಿಯಲ್ಲಿ ಆಹಾರ ಹಾಕದೆ, ಸ್ಥಳೀಯ ಸಂಸ್ಥೆ ಗೊತ್ತುಮಾಡಿದ ಸ್ಥಳದಲ್ಲಿ ಮಾತ್ರ ಹಾಕಬೇಕು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಹಿಡಿದ ನಾಯಿಗಳನ್ನು ಅಲ್ಲಿಗೆ ಮರಳಿ ಬಿಡಬಾರದೆಂದು ಅದೇ ವರ್ಷದ ನವೆಂಬರ್ 7ರ ಆದೇಶ ಹೇಳಿತು. ಆದ್ದರಿಂದ ನಿಮ್ಮ ವಾರ್ಡಿನಲ್ಲಿ ಸ್ಥಳ ಗುರುತಿಸಿಲ್ಲವಾದರೆ ಅದಕ್ಕಾಗಿ ಲಿಖಿತ ಮನವಿ ಸಲ್ಲಿಸುವುದೇ ಮೊದಲ ಕೆಲಸ.

ದನ, ಎಮ್ಮೆ

ಹಟ್ಟಿ ಕಟ್ಟುವಾಗ ಬಾವಿಯನ್ನು ನೋಡಿ ಕಟ್ಟಬೇಕು. ನಮ್ಮ ಮುರಕಲ್ಲಿನ ನೆಲ ನೀರನ್ನು ಬೇಗ ಇಳಿಸಿಕೊಳ್ಳುವುದರಿಂದ ಗೊಬ್ಬರದ ಗುಂಡಿ ಬಾವಿಗಿಂತ ಮೇಲಿನ ತಟ್ಟಿನಲ್ಲಿದ್ದರೆ ಮಳೆಗಾಲದಲ್ಲಿ ಅದರ ನೀರು ನಿಮ್ಮದೋ ನೆರೆಯವರದೋ ಬಾವಿಗೆ ಸೇರುತ್ತದೆ. ಉಪದ್ರವದ ದೂರುಗಳು ಹುಟ್ಟುವುದು ಹೆಚ್ಚಾಗಿ ಇಲ್ಲಿಂದಲೇ. ಗಂಜಲ ಹರಿಯುವ ಕಾಲುವೆ ರಸ್ತೆ ಬದಿಯ ತೋಡಿಗೆ ಸೇರದೆ ನಿಮ್ಮ ತೋಟಕ್ಕೇ ಸೇರುವಂತೆ ಮಾಡಿ, ಗುಂಡಿಗೆ ಮಳೆಗಾಲದಲ್ಲಿ ಮಾಡು ಹಾಕಿದರೆ ಅರ್ಧ ತಕರಾರು ಹುಟ್ಟುವುದೇ ಇಲ್ಲ.

ಪ್ರತಿ ರಾಸುವಿಗೂ ಪಶುಪಾಲನಾ ಇಲಾಖೆಯಿಂದ 12 ಅಂಕಿಗಳ ಕಿವಿಯೋಲೆ ಹಾಕಿಸಬೇಕು. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಉಚಿತವಾಗಿ ಸಿಗುತ್ತದೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಬ್ರುಸೆಲ್ಲೋಸಿಸ್ ಲಸಿಕೆ ಹಾಕುತ್ತಾರೆ. ಓಲೆಯ ಸಂಖ್ಯೆಯಿಲ್ಲದೆ ವಿಮೆಯಾಗಲಿ ಸತ್ತಾಗ ಪರಿಹಾರವಾಗಲಿ ಸಿಗುವುದು ಕಷ್ಟ, ಕಳವಾದಾಗ ಠಾಣೆಯಲ್ಲಿ ಗುರುತು ಹೇಳುವುದೂ ಕಷ್ಟ. ಚರ್ಮಗಂಟು ರೋಗದಂಥ ಸಾಂಕ್ರಾಮಿಕದ ಲಕ್ಷಣ ಕಂಡರೆ ಹತ್ತಿರದ ಪಶು ಆಸ್ಪತ್ರೆಗೆ ಹೇಳಬೇಕು; ಗ್ರಾಮಾಧಿಕಾರಿಗೋ ಪಂಚಾಯತ್‌ಗೋ ತಿಳಿಸುವುದು 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯಂತೆ ಸಾಕಿದವರ ಕರ್ತವ್ಯ. ಸಂಚಾರಿ ಪಶು ಚಿಕಿತ್ಸಾ ವಾಹನವನ್ನು 1962 ಸಂಖ್ಯೆಗೆ ಕರೆ ಮಾಡಿ ಕರೆಸಿಕೊಳ್ಳಬಹುದು.

ಹಾಲು ಕರೆದ ಮೇಲೆ ದನವನ್ನು ಬೀದಿಗೆ ಅಟ್ಟುವವರಿಗೆ ಎರಡು ಅಪಾಯಗಳಿವೆ: ಹೆದ್ದಾರಿಯಲ್ಲಿ ಬೈಕು ಸವಾರರು ಡಿಕ್ಕಿ ಹೊಡೆದು ಬಿದ್ದರೆ ಹೊಣೆ ಒಡೆಯರ ಮೇಲೆ ಬರುತ್ತದೆ, ರಾತ್ರಿ ಕಳವಾದರೆ ಕೇಳುವವರಿಲ್ಲ. ದೊಡ್ಡಿಗೆ ಸೇರಿದ ದನವನ್ನು ದಂಡವನ್ನೂ ಮೇವಿನ ಖರ್ಚನ್ನೂ ಕಟ್ಟಿ ಬಿಡಿಸಿಕೊಳ್ಳಬೇಕಾಗುತ್ತದೆ.

ದನವನ್ನು ಬೇರೆ ಊರಿಂದ ಕೊಂಡು ತರುವಾಗಲಂತೂ ಕಾಗದಪತ್ರಗಳನ್ನು ಲಘುವಾಗಿ ತೆಗೆದುಕೊಳ್ಳುವಂತಿಲ್ಲ. 2021ರ ಜನವರಿಯಿಂದ ಜಾರಿಯಲ್ಲಿರುವ ರಾಜ್ಯದ ಗೋಹತ್ಯೆ ನಿಷೇಧ ಕಾಯ್ದೆಯ ವ್ಯಾಪ್ತಿಗೆ ಹಸು, ಕರು, ಹೋರಿ, ಎತ್ತುಗಳಲ್ಲದೆ 13 ವರ್ಷದೊಳಗಿನ ಎಮ್ಮೆ ಕೋಣಗಳೂ ಬರುತ್ತವೆ. ಕಾಯ್ದೆ ಉಲ್ಲಂಘಿಸಿ ಹತ್ಯೆ ಮಾಡಿದವರಿಗೆ ಮೂರರಿಂದ ಏಳು ವರ್ಷಗಳ ಸೆರೆವಾಸವಿದೆ, ಹತ್ಯೆಗಾಗಿ ಸಾಗಿಸುವುದೂ ಅಪರಾಧ. ಸಾಕುವುದಕ್ಕಾಗಿ ತರುವವರು ಮಾರಿದವರ ಸಹಿಯಿರುವ ಖರೀದಿ ಚೀಟಿ, ಕಿವಿಯೋಲೆಯ ಸಂಖ್ಯೆ, ರಾಸು ಪ್ರಯಾಣಕ್ಕೆ ಯೋಗ್ಯವಾಗಿದೆ ಎಂಬ ಪಶುವೈದ್ಯರ ಪ್ರಮಾಣಪತ್ರ ಮತ್ತು ಸಾಗಾಟದ ಅನುಮತಿಯನ್ನು ವಾಹನದಲ್ಲೇ ಇಟ್ಟುಕೊಂಡಿರಬೇಕು. 1978ರ ಪ್ರಾಣಿ ಸಾಗಾಟ ನಿಯಮಗಳಂತೆ ಒಂದು ಸರಕು ವಾಹನದಲ್ಲಿ ಆರಕ್ಕಿಂತ ಹೆಚ್ಚು ದನಗಳನ್ನು ಒಯ್ಯುವಂತಿಲ್ಲ, ಅವುಗಳ ಜತೆ ಬೇರೆ ಸರಕು ತುಂಬುವಂತಿಲ್ಲ. ದನ ಸಾಗಿಸುವ ವಾಹನಗಳನ್ನು ದಾರಿಯಲ್ಲಿ ತಡೆದು ಗಲಾಟೆಯಾದ ಪ್ರಕರಣಗಳು ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ನಡೆದಿರುವುದರಿಂದ, ಹಗಲು ಹೊತ್ತಿನಲ್ಲೇ ಹೊರಟು, ತಡೆದವರು ಪೊಲೀಸರಲ್ಲದಿದ್ದರೆ ವಾದ ಮಾಡದೆ 112ಕ್ಕೆ ಕರೆ ಮಾಡುವುದು ಸುರಕ್ಷಿತ.

ಕಂಬಳದ ಕೋಣ ಸಾಕುವವರಿಗೆ ಬೇರೆ ನೆಲೆಗಟ್ಟಿದೆ. ಕಂಬಳಕ್ಕೆ ಅವಕಾಶ ಕೊಡಲು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಮೇ 18ರಂದು ಎತ್ತಿಹಿಡಿದಿದೆ. ಆದರೆ ಕೋಣಗಳಿಗೆ ಅನಗತ್ಯ ನೋವು ಕೊಡಬಾರದೆಂಬ ಷರತ್ತಿನೊಂದಿಗೆ.

ಕೋಳಿ, ಹಂದಿ, ಹಕ್ಕಿ

ಹಿತ್ತಿಲಲ್ಲಿ ನಾಲ್ಕಾರು ಊರಿನ ಕೋಳಿ ಸಾಕಲು ತೊಡಕಿಲ್ಲ. ಕೋಳಿ ಅಂಕಕ್ಕೆ (ಕೋಳಿ ಕಾಳಗಕ್ಕೆ) ಹುಂಜ ಸಾಕುವವರು ಮಾತ್ರ, ಪ್ರಾಣಿಗಳನ್ನು ಪರಸ್ಪರ ಕಾದಾಡಲು ಬಿಡುವುದು 1960ರ ಕಾಯ್ದೆಯಡಿ ಅಪರಾಧವೆಂದೂ, ಅದಕ್ಕೆ ಪಣ ಸೇರಿದರೆ ಜೂಜಿನ ಪ್ರಕರಣವೂ ಆಗುತ್ತದೆಂದೂ ತಿಳಿದಿರಬೇಕು. ಕಂಬಳಕ್ಕೆ ಸಿಕ್ಕಿದ ತಿದ್ದುಪಡಿ ಕೋಳಿ ಅಂಕಕ್ಕೆ ಸಿಕ್ಕಿಲ್ಲ. ಹಂದಿ ಸಾಕುವವರು ಹೋಟೆಲಿನ ಉಳಿಕೆಯನ್ನು ಕುದಿಸದೆ ಹಾಕಬಾರದು. ಆಫ್ರಿಕನ್ ಹಂದಿಜ್ವರ ಮನುಷ್ಯರಿಗೆ ತಗಲದಿದ್ದರೂ, ಒಂದು ಕಡೆ ಕಂಡರೆ ಸುತ್ತಲಿನ ಒಂದು ಕಿಲೋಮೀಟರ್ ವ್ಯಾಪ್ತಿಯನ್ನು ಸೋಂಕಿತ ವಲಯವೆಂದು ಘೋಷಿಸಿ ಅಲ್ಲಿನ ಹಂದಿಗಳನ್ನೆಲ್ಲ ಕೊಲ್ಲಲಾಗುತ್ತದೆ.

ನಮ್ಮ ತೋಟದ ಹಸಿರು ಗಿಳಿಯನ್ನು ಪಂಜರದಲ್ಲಿ ಸಾಕುವುದು ಮಾತ್ರ, ಅಜ್ಜಿಯ ಕಾಲದಿಂದ ನಡೆದುಬಂದಿದ್ದರೂ, ಕಾನೂನುಬಾಹಿರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಅದು ಸೇರಿದೆ. ಮೂರು ವರ್ಷದವರೆಗಿನ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗಿನ ದಂಡಕ್ಕೆ ಅವಕಾಶವಿದೆ. ನಕ್ಷತ್ರ ಆಮೆ ಮೊದಲ ಅನುಸೂಚಿಯಲ್ಲಿರುವುದರಿಂದ ಶಿಕ್ಷೆ ಇನ್ನೂ ಕಠಿಣ. ಅಂಗಡಿಯಲ್ಲಿ ಸಿಗುವ ಬಜರಿಗರ್, ಕಾಕಟೀಲ್ ಹಕ್ಕಿಗಳಿಗೆ ಈ ತೊಂದರೆಯಿಲ್ಲ. ಆಫ್ರಿಕನ್ ಗ್ರೇ, ಮಕಾವ್‌ಗಳಂಥ ವಿದೇಶಿ ಹಕ್ಕಿಗಳನ್ನು ಮಾತ್ರ 2024ರ ಫೆಬ್ರವರಿಯ ನಿಯಮಗಳಂತೆ ಪರಿವೇಶ್ 2.0 ಜಾಲತಾಣದಲ್ಲಿ ನೋಂದಾಯಿಸಿ, ಮರಿ ಹುಟ್ಟಿದಾಗಲೂ ಸತ್ತಾಗಲೂ ಇನ್ನೊಬ್ಬರಿಗೆ ಕೊಟ್ಟಾಗಲೂ ತಿಳಿಸಬೇಕು.

ನೋಟಿಸ್ ಬಂದರೆ

ನೆರೆಯವರ ದೂರಿನ ಮೇಲೆ ಸ್ಥಳೀಯ ಸಂಸ್ಥೆಯಿಂದ ನೋಟಿಸ್ ಬಂದಾಗ ಕಚೇರಿಗೆ ಹೋಗಿ ಬಾಯಿಮಾತಿನಲ್ಲಿ ಸಮಜಾಯಿಷಿ ಹೇಳಿ ಬರುವುದರಿಂದ ಪ್ರಯೋಜನವಿಲ್ಲ. ನೋಟಿಸಿನಲ್ಲಿ ಹೇಳಿದ ಅವಧಿಯೊಳಗೆ ಉತ್ತರ ಬರೆದು, ಲಸಿಕೆ ಕಾರ್ಡು, ಪರವಾನಗಿ ಇದ್ದರೆ ಅದರ ಪ್ರತಿ, ಹಟ್ಟಿಯ ಅಥವಾ ನಾಯಿಗೂಡಿನ ಫೋಟೊಗಳನ್ನು ಲಗತ್ತಿಸಿ, ಸರಿಪಡಿಸಬೇಕಾದದ್ದು ನಿಜವಾಗಿ ಇದ್ದರೆ ಯಾವ ದಿನಾಂಕದೊಳಗೆ ಸರಿಪಡಿಸುವಿರೆಂದು ನಮೂದಿಸಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಹೊರಡಬೇಕು.