ರಿಪೇರಿ ಆದ ಮೇಲೆ ಗೇರ್ ಜಗ್ಗುತ್ತಿದೆಯಾ? ಗೇರ್‌ಬಾಕ್ಸ್ ಬಿಚ್ಚಿಸೋಕೆ ಮುಂಚೆ ಇದನ್ನು ಓದಿ

ಗ್ಯಾರೇಜಿಗೆ ಬಿಡುವಾಗ ಸರಿಯಿದ್ದ ಆಟೋಮ್ಯಾಟಿಕ್ ಕಾರು, ವಾಪಸ್ ಬಂದ ಮೇಲೆ ಗೇರ್ ಬದಲಾಗುವಾಗ ಜಗ್ಗಿದರೆ ಮೊದಲು ಕೇಳಬೇಕಾದ್ದು ಒಂದೇ: ರಿಪೇರಿಯಲ್ಲಿ ಎಲ್ಲೆಲ್ಲಿ ಕೈ ಹಾಕಿದ್ದರು?

ಬ್ಯಾಟರಿ ಕಳಚಿದ್ದರೆ ಕೆಲವು ಕಾರುಗಳಲ್ಲಿ ಗೇರ್‌ಬಾಕ್ಸ್ ಕಂಪ್ಯೂಟರ್ ಗೇರ್ ನಯವಾಗಿ ಬದಲಿಸಲು ಕಲಿತಿದ್ದೆಲ್ಲ ಮರೆತುಬಿಡುತ್ತದೆ. ಸ್ವಲ್ಪ ದೂರ ನಿಧಾನವಾಗಿ ಓಡಿಸಿದರೆ ತಾನೇ ಸರಿಹೋಗಬಹುದು. ಕೆಲವಕ್ಕೆ ಗ್ಯಾರೇಜಿನಲ್ಲಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಓದುವ ಸಾಧನ) ಹಾಕಿಯೇ ಮತ್ತೆ ಕಲಿಸಬೇಕು.

ಒಂದೇ ಗೇರಿನಲ್ಲಿ ಸಿಕ್ಕಿಕೊಂಡು ಮೇಲಕ್ಕೆ ಹೋಗುತ್ತಲೇ ಇಲ್ಲವೆಂದರೆ ಅದು ಬಹುತೇಕ ಲಿಂಪ್ ಮೋಡ್. ಹೆದರಬೇಡಿ, ಗೇರ್‌ಬಾಕ್ಸ್ ತನ್ನನ್ನು ತಾನೇ ಕಾಪಾಡಿಕೊಳ್ಳುವ ರೀತಿ ಇದು. ಸರಿಯಾಗಿ ಕೂರದ ಕನೆಕ್ಟರ್, ಮರೆತುಹೋದ ಅರ್ತ್ ವೈರ್, ಕೆಲಸದ ನಡುವೆ ಜಜ್ಜಿಹೋದ ಸ್ಪೀಡ್ ಸೆನ್ಸರ್ ವೈರ್, ಇವನ್ನು ಮೊದಲು ನೋಡಿಸಿ. ಸ್ಕ್ಯಾನ್ ಮಾಡಿದಾಗ ಪಿ0700 ಎಂಬ ದೋಷದ ಕೋಡ್ ಬಂದರೆ ಅಲ್ಲಿಗೇ ನಿಲ್ಲಬೇಡಿ. ಅದು ಬರೀ 'ಗೇರ್‌ಬಾಕ್ಸ್ ಕಡೆ ನೋಡು' ಅನ್ನುವ ಬಾಗಿಲ ಗಂಟೆ. ಅಸಲಿ ಕೋಡ್ ಟ್ರಾನ್ಸ್‌ಮಿಷನ್ ಮಾಡ್ಯೂಲ್‌ನಲ್ಲಿ, ಅಂದರೆ ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ, ಇರುತ್ತದೆ. ಕೋಡ್ ಬರೆದಿಟ್ಟುಕೊಳ್ಳದೆ ಅಳಿಸಲು ಬಿಡಲೇಬೇಡಿ.

ಆಕ್ಸಲ್ ಅಥವಾ ಕೂಲರ್ ಪೈಪ್ ಬಿಚ್ಚಿದ್ದರೆ ಗೇರ್‌ಬಾಕ್ಸ್ ಆಯಿಲ್ ಸೋರಿರಬಹುದು. ಡಿ ಹಾಕಿದ ಮೇಲೆ ಕಾರು ತಡವಾಗಿ ಹೊರಡುವುದು, ಇಂಜಿನ್ ಕೂಗಿದರೂ ವೇಗ ಏರದಿರುವುದು ಆಯಿಲ್ ಕಡಿಮೆಯಾದಾಗ ಕಾಣುವ ಲಕ್ಷಣ. ಆಯಿಲ್ ಮಟ್ಟವನ್ನು ಎಷ್ಟು ಬಿಸಿಯಲ್ಲಿ, ಇಂಜಿನ್ ಓಡುತ್ತಿರುವಾಗಲೋ ನಿಂತಾಗಲೋ ಅಳೆಯಬೇಕು ಎಂಬುದು ಮ್ಯಾನ್ಯುಯಲ್‌ನಲ್ಲಿದೆ. ಆಯಿಲ್ ಜಾತಿಯೂ ಅದರಲ್ಲಿ ಹೇಳಿದ್ದೇ ಇರಬೇಕು. ಸಿವಿಟಿಗೆ (ಹಲ್ಲಿನ ಗೇರುಗಳ ಬದಲು ಬೆಲ್ಟ್ ಅಥವಾ ಚೈನಿನಿಂದ ನಡೆಯುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಮಾಮೂಲಿ ಎಟಿಎಫ್ (ಸಾಮಾನ್ಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಸುರಿದರೆ ಕಥೆ ಮುಗೀತು.

ಆಯಿಲ್ ಸುಟ್ಟ ವಾಸನೆ ಬಂದರೆ ಮಾತ್ರ ಓಡಿಸದೆ ಟೋ ಮಾಡಿಸಿ.