ಹಳೇ ಡೆಸ್ಕ್‌ಟಾಪಿನಲ್ಲಿ ಮನೆಯ ಸಿನಿಮಾ ಸರ್ವರ್

ಚಿತ್ರಗಳನ್ನೆಲ್ಲ ಒಂದು ಕಂಪ್ಯೂಟರಿನಲ್ಲಿಟ್ಟು ಟಿವಿಗೆ ಕಳಿಸುವ ಸಿನಿಮಾ ಸರ್ವರ್‌ಗೆ ಭಾರೀ ಪ್ರೊಸೆಸರ್ ಬೇಕು ಅಂದುಕೊಳ್ಳುವವರೇ ಹೆಚ್ಚು. ಬೇಕಿಲ್ಲ. ಫೈಲನ್ನು ಇದ್ದಹಾಗೇ ಓಡಿಸಲು ಟಿವಿಗೆ ಬಂದರೆ ಸರ್ವರ್‌ಗೆ ಉಳಿಯುವ ಕೆಲಸ ಡಿಸ್ಕ್‌ನಿಂದ ಓದಿ ನೆಟ್‌ವರ್ಕ್‌ಗೆ ಹಾಕುವುದಷ್ಟೇ. ಅದೇ ಫೈಲನ್ನು ಬೇರೆ ರೂಪಕ್ಕೆ ತಿರುಗಿಸಿ ಕೊಡಬೇಕಾದಾಗ, ಅಂದರೆ ಟ್ರಾನ್ಸ್‌ಕೋಡಿಂಗ್ ಶುರುವಾದಾಗ, ಫ್ಯಾನ್ ಕೂಗತೊಡಗುತ್ತದೆ. ನನ್ನ ಸೆಟಪ್ ಪೂರ್ತಿ ಅದನ್ನು ತಪ್ಪಿಸುವ ಲೆಕ್ಕದಲ್ಲೇ ಇದೆ.

ಬಳಸಿದ್ದು ಏಳನೇ ತಲೆಮಾರಿನ ಇಂಟೆಲ್ ಐ3 ಇರುವ ಹಳೇ ಡೆಸ್ಕ್‌ಟಾಪ್, 8 ಜಿಬಿ ರ‍್ಯಾಮ್, ಡೆಬಿಯನ್ ಲಿನಕ್ಸ್ ಹಾಕಲು 120 ಜಿಬಿ ಎಸ್‌ಎಸ್‌ಡಿ, ಸಿನಿಮಾಗಳಿಗೆ 4 ಟಿಬಿಯ 3.5 ಇಂಚಿನ ಹಾರ್ಡ್ ಡಿಸ್ಕ್. ಏಳನೇ ತಲೆಮಾರು ಅಂತ ಹಟ ಹಿಡಿದದ್ದಕ್ಕೆ ಕಾರಣವಿದೆ: 10 ಬಿಟ್ ಎಚ್‌ಇವಿಸಿ (ಫೈಲನ್ನು ಬಹಳ ಚಿಕ್ಕದಾಗಿಸುವ ವಿಡಿಯೋ ರೂಪ) ವಿಡಿಯೋವನ್ನು ಚಿಪ್ಪಿನ ಒಳಗಿನ ವಿಡಿಯೋ ಭಾಗವಾದ ಕ್ವಿಕ್ ಸಿಂಕ್ ನಿಭಾಯಿಸುವುದು ಅಲ್ಲಿಂದಾಚೆಗೆ. ನನ್ನ ಬ್ಲೂ-ರೇ ಡಿಸ್ಕ್‌ಗಳ ಪೂರ್ಣ ನಕಲು ಒಂದೊಂದೂ 25ರಿಂದ 35 ಜಿಬಿ ಆಗುವುದರಿಂದ 4 ಟಿಬಿಗೆ ಹೆಚ್ಚೂಕಡಿಮೆ 130 ಚಿತ್ರ ಹಿಡಿಸುತ್ತವೆ. ಎಚ್‌ಇವಿಸಿಗೆ ಕುಗ್ಗಿಸಿ 5 ಜಿಬಿಗೆ ಇಳಿಸಿದರೆ ಏಳುನೂರು ದಾಟಬಹುದು.

ಡಿಸ್ಕನ್ನು ಎಕ್ಸ್ಟ್4 ಎಂಬ ಲಿನಕ್ಸ್ ಫೈಲ್ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿದೆ. ಇದು ತಾನಾಗಿಯೇ ಶೇ. 5 ಜಾಗವನ್ನು ರೂಟ್‌ಗೆಂದು (ಸಿಸ್ಟಂನ ಮೇಲ್ವಿಚಾರಕ ಖಾತೆ) ಎತ್ತಿಡುತ್ತದೆ. 4 ಟಿಬಿಯಲ್ಲಿ ಅದು 200 ಜಿಬಿ! ಬರೀ ಸಿನಿಮಾ ಇಡುವ ಡಿಸ್ಕ್‌ಗೆ ಆ ಮೀಸಲು ಬೇಕಿಲ್ಲ. ಟ್ಯೂನ್2ಎಫ್ಎಸ್ ಆಜ್ಞೆಯಿಂದ ಸೊನ್ನೆಗೆ ಇಳಿಸಿದರಾಯಿತು. ಎಸ್‌ಎಸ್‌ಡಿಯಲ್ಲಿ ಮಾತ್ರ ಅದನ್ನು ಮುಟ್ಟಬೇಡಿ.

ನಿಜವಾದ ತಲೆನೋವು ಮೌಂಟ್ ಮಾಡುವಲ್ಲಿ, ಅಂದರೆ ಡಿಸ್ಕನ್ನು ಒಂದು ಫೋಲ್ಡರ್‌ಗೆ ಜೋಡಿಸುವಲ್ಲಿ. ಡೆಸ್ಕ್‌ಟಾಪ್ ತಾನಾಗಿ ಮೌಂಟ್ ಮಾಡಿದ ಡಿಸ್ಕ್ ಲಾಗಿನ್ ಆದ ಬಳಕೆದಾರರಿಗೆ ಮಾತ್ರ ತೆರೆದಿರುತ್ತದೆ. ಚಿತ್ರಗಳನ್ನು ಟಿವಿಗೆ ಕಳಿಸುವ ಸರ್ವರ್ ತಂತ್ರಾಂಶ ಜೆಲ್ಲಿಫಿನ್. ಅದು ಓಡುವುದು ತನ್ನದೇ ಹೆಸರಿನ ಬೇರೆ ಬಳಕೆದಾರನಾಗಿ, ಹಾಗಾಗಿ ಲೈಬ್ರರಿ ಖಾಲಿ ಖಾಲಿ. ಫೈಲ್‌ಗೆ ಓದುವ ಅನುಮತಿ ಕೊಟ್ಟರೆ ಸಾಲದು, ಮೇಲಿನ ಪ್ರತಿ ಫೋಲ್ಡರ್‌ಗೂ ಒಳಹೋಗುವ ಅನುಮತಿ ಇರಬೇಕು. ನಾನು ಎಸ್‌ಆರ್‌ವಿ ಫೋಲ್ಡರ್ ಕೆಳಗೆ ‘ಸಿನಿಮಾ’ ಅಂತ ಜಾಗ ಮಾಡಿ, ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಮೌಂಟ್ ಮಾಡಬೇಕಾದ ಡಿಸ್ಕ್‌ಗಳ ಪಟ್ಟಿ) ಡಿಸ್ಕಿನ ಸ್ವಂತ ಗುರುತು ಸಂಖ್ಯೆಯಾದ ಯುಯುಐಡಿ ಬರೆದು, ಜೊತೆಗೆ ‘ನೋಫೇಲ್’ ಸೇರಿಸಿದೆ. ‘ಎಸ್‌ಡಿಬಿ1’ ಥರದ ಹೆಸರು ಬರೆದರೆ ಇನ್ನೊಂದು ಡಿಸ್ಕ್ ಹಾಕಿದ ದಿನ ಅದು ಅದಲುಬದಲಾಗಬಹುದು.

‘ನೋಫೇಲ್’ ಇದ್ದರೆ ಡಿಸ್ಕ್ ಸಿಗದಿದ್ದರೂ ಸಿಸ್ಟಂ ಬೂಟ್ ಆಗುತ್ತದೆ. ಅದರ ಬೆನ್ನಿಗೇ ಇನ್ನೊಂದು ಅಪಾಯವೂ ಇದೆ. ಮೌಂಟ್ ಆಗದಿದ್ದಾಗ ‘ಸಿನಿಮಾ’ ಎನ್ನುವುದು ಎಸ್‌ಎಸ್‌ಡಿ ಮೇಲಿನ ಬರೀ ಖಾಲಿ ಫೋಲ್ಡರ್. ಅದು ಗೊತ್ತಿಲ್ಲದೆ ನಾಲ್ಕು ಚಿತ್ರ ನಕಲು ಮಾಡಿದರೆ ಎಸ್‌ಎಸ್‌ಡಿ ತುಂಬಿ, ಜೆಲ್ಲಿಫಿನ್‌ನ ಡೇಟಾಬೇಸ್ ಬರೆಯಲು ಜಾಗವಿಲ್ಲದೆ ನಿಂತುಬಿಡುತ್ತದೆ. ಆಮೇಲೆ ಡಿಸ್ಕ್ ಮೌಂಟ್ ಆದರೆ ಆ ನಾಲ್ಕು ಫೈಲ್ ಅದರ ಅಡಿಯಲ್ಲಿ ಅಡಗಿ ಕೂರುತ್ತವೆ. ಜಾಗ ಎಲ್ಲಿ ಹೋಯಿತೆಂದು ಎಷ್ಟು ಹುಡುಕಿದರೂ ಕಾಣುವುದಿಲ್ಲ. ಉಪಾಯ ಸುಲಭ: ಡಿಸ್ಕ್ ಬಿಚ್ಚಿದ ಸ್ಥಿತಿಯಲ್ಲಿ, ಆ ಖಾಲಿ ಫೋಲ್ಡರ್‌ಗೆ ಚಾಟ್ಟರ್ ಆಜ್ಞೆಯಲ್ಲಿ ‘ಪ್ಲಸ್ ಐ’ ಹಾಕಿ ಬದಲಾಗದಂತೆ ಬೀಗ ಹಾಕಿಬಿಡಿ. ಮೌಂಟ್ ಆಗದ ದಿನ ನಕಲು ಅಲ್ಲೇ ಎರರ್ ಕೊಡುತ್ತದೆ.

ಫೋಲ್ಡರ್ ಹೆಸರು: ಚಿತ್ರದ ಹೆಸರು, ಆವರಣದಲ್ಲಿ ವರ್ಷ, ಒಳಗಿನ ಫೈಲ್‌ಗೂ ಅದೇ. ವರ್ಷ ಬಿಟ್ಟರೆ ಒಂದೇ ಹೆಸರಿನ ಬೇರೆ ಚಿತ್ರದ ಪೋಸ್ಟರ್ ಬಂದು ಕೂರುತ್ತದೆ.

ಇನ್ನು ಓಡಿಸಿ ನೋಡುವುದು. ಬ್ರೌಸರ್‌ನಲ್ಲಿ ಸರ್ವರ್‌ನ 8096ನೇ ಪೋರ್ಟ್ ತೆರೆದು, ಟಿವಿಯಲ್ಲಿ ಚಿತ್ರ ಹಾಕಿ, ಡ್ಯಾಶ್‌ಬೋರ್ಡ್ ನೋಡಿ. ‘ಡೈರೆಕ್ಟ್ ಪ್ಲೇ’ ಅಂತಿದ್ದರೆ ಮುಗಿಯಿತು. ಟ್ರಾನ್ಸ್‌ಕೋಡಿಂಗ್ ಅಂತಿದ್ದರೆ ಕಾರಣವನ್ನೂ ಅದೇ ಹೇಳುತ್ತದೆ. ಟಿವಿಗೆ ಡಿಟಿಎಸ್ ಎಂಬ ರೂಪದ ಆಡಿಯೋ ಬಾರದಿದ್ದರೆ ಧ್ವನಿಯನ್ನಷ್ಟೇ ತಿರುಗಿಸುತ್ತದೆ, ಅದು ಹಗುರ. ಆದರೆ ಬ್ಲೂ-ರೇ ಸಬ್‌ಟೈಟಲ್‌ಗಳು ಅಕ್ಷರವಲ್ಲ, ಚಿತ್ರಗಳು. ಅವನ್ನು ತೋರಿಸಲು ಬಾರದ ಟಿವಿಗೆ ಸರ್ವರ್ ಅವನ್ನು ವಿಡಿಯೋ ಮೇಲೆಯೇ ಅಚ್ಚೊತ್ತಿ ಕಳಿಸಬೇಕು, ಅಂದರೆ ಇಡೀ ಚಿತ್ರ ಮತ್ತೆ ಎನ್‌ಕೋಡ್. ಸಬ್‌ಟೈಟಲ್ ಆನ್ ಮಾಡಿದೊಡನೆ ತಡವರಿಸುವ ರಹಸ್ಯ ಸಾಮಾನ್ಯವಾಗಿ ಇದೇ. ಪಕ್ಕದಲ್ಲಿ ಅಕ್ಷರರೂಪದ ಸಬ್‌ಟೈಟಲ್ ಇರುವ ಎಸ್‌ಆರ್‌ಟಿ ಫೈಲ್ ಇಟ್ಟರೆ ಸರಿಹೋಗುತ್ತದೆ. ಅದನ್ನು ಯುಟಿಎಫ್-8ರಲ್ಲೇ ಉಳಿಸಿ, ಇಲ್ಲವಾದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಕಸ ಕಾಣುತ್ತದೆ.

ಸರ್ವರ್‌ಗೆ ಕೇಬಲ್ಲೇ ಇರಲಿ. ಟಿವಿಗೆ ಎಳೆಯುವ ಮುನ್ನ ಅದರ ಪೋರ್ಟ್ ನೋಡಿಕೊಳ್ಳಿ: ಎಷ್ಟೋ ಟಿವಿಗಳಲ್ಲಿ ಅದು 100 ಎಂಬಿಪಿಎಸ್ ಮಾತ್ರ. 4ಕೆ ಡಿಸ್ಕಿನ ಪೂರ್ಣ ನಕಲು ಕೆಲವು ದೃಶ್ಯಗಳಲ್ಲಿ ಅದನ್ನು ಮೀರುತ್ತದೆ. ಅಂಥ ಕಡೆ ಒಳ್ಳೆಯ 5 ಗಿಗಾಹರ್ಟ್ಸ್ ವೈಫೈಯೇ ವಾಸಿ.

ಒಂದೇ ಡಿಸ್ಕ್ ಆದ್ದರಿಂದ ತಿಂಗಳಿಗೊಮ್ಮೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ಅಂಕಿ ನೋಡುತ್ತೇನೆ. 5 (ಕೆಟ್ಟು ಬದಲಿಸಿದ ಭಾಗಗಳು) ಮತ್ತು 197 (ಓದಲಾಗದೆ ಕಾದಿರುವ ಭಾಗಗಳು) ಎಂಬ ಸಂಖ್ಯೆಯ ಸಾಲುಗಳ ಕೊನೆಯ ಅಂಕಿ ಸೊನ್ನೆಯಲ್ಲೇ ಇರಬೇಕು. 197 ಏರಿದರೆ ಪರೀಕ್ಷೆಗೆ ಹಚ್ಚುವ ಮೊದಲು ಬೇಕಾದ್ದನ್ನು ಬೇರೆ ಡಿಸ್ಕ್‌ಗೆ ಸಾಗಿಸಿ. ಆಗಲೇ ಸೋತ ಡಿಸ್ಕನ್ನು ಉದ್ದದ ಪರೀಕ್ಷೆ ಇನ್ನಷ್ಟು ದಣಿಸುತ್ತದೆ.