ಕರ್ನಲ್‌ನ ಯೂಸ್-ಆಫ್ಟರ್-ಫ್ರೀ ದೋಷವನ್ನು ಕೇಸಾನ್‌ನಿಂದ ಹಿಡಿಯುವುದು ಹೇಗೆ?

ಫ್ರೀ ಮಾಡಿದ, ಅಂದರೆ ಬಿಡುಗಡೆಯಾದ ಮೆಮೊರಿಯನ್ನು ಮತ್ತೆ ಮುಟ್ಟುವುದೇ ಯೂಸ್-ಆಫ್ಟರ್-ಫ್ರೀ. ಹಾಗೆ ಮುಟ್ಟಿದ ಕೂಡಲೇ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಕ್ರ್ಯಾಶ್ ಆಗಲೇಬೇಕೆಂದಿಲ್ಲ. ಅಷ್ಟರಲ್ಲಿ ಮೆಮೊರಿ ಹಂಚುವ ಸ್ಲ್ಯಾಬ್ ಅಲೊಕೇಟರ್ ಆ ಜಾಗವನ್ನು ಬೇರೊಂದು ಆಬ್ಜೆಕ್ಟ್‌ಗೆ ಕೊಟ್ಟಿದ್ದರೆ ಹಳೆಯ ಪಾಯಿಂಟರ್ ಸದ್ದಿಲ್ಲದೆ ಅದರೊಳಗೇ ಬರೆಯುತ್ತದೆ. ದಾಳಿಕೋರರಿಗೆ ಬೇಕಾದದ್ದೂ ಅದೇ. ಲಿನಕ್ಸ್‌ನಲ್ಲಿ ಇದನ್ನು ಹಿಡಿಯಲು 4.0 ಆವೃತ್ತಿಯಿಂದ (2015) ಕೇಸಾನ್ (KASAN) ಎಂಬ ಮೆಮೊರಿ ದೋಷ ಪತ್ತೆ ಸಾಧನ ಇದೆ.

ಪರೀಕ್ಷೆಯನ್ನು ವರ್ಚುವಲ್ ಮಷಿನ್‌ನಲ್ಲೇ ನಡೆಸಿ. ಕರ್ನಲ್ ಕಾನ್ಫಿಗರೇಶನ್‌ನಲ್ಲಿ ಜೆನೆರಿಕ್ ಕೇಸಾನ್, ಇನ್‌ಲೈನ್ ಇನ್‌ಸ್ಟ್ರುಮೆಂಟೇಶನ್ (ಮೆಮೊರಿ ಮುಟ್ಟುವ ಕಡೆಯೇ ತಪಾಸಣೆಯ ಕೋಡ್ ಸೇರಿಸುವುದು), ಡೀಬಗ್ ಮಾಹಿತಿ ಈ ಮೂರನ್ನೂ ಆನ್ ಮಾಡಿ ಬಿಲ್ಡ್ ಮಾಡಿ. ಪ್ರತಿ 8 ಬೈಟ್‌ಗೆ 1 ಶ್ಯಾಡೋ ಬೈಟ್ (ಆ ಜಾಗವನ್ನು ಮುಟ್ಟಬಹುದೇ ಎಂಬ ಗುರುತು) ಬೇಕಾಗುವುದರಿಂದ ಮೆಮೊರಿಯ ಎಂಟನೇ ಒಂದು ಭಾಗ ಅದಕ್ಕೇ ಹೋಗುತ್ತದೆ. ವೇಗ ಸುಮಾರು ಮೂರು ಪಟ್ಟು ಕುಗ್ಗುತ್ತದೆ. ಬಳಕೆಯಲ್ಲಿರುವ ಸರ್ವರ್‌ಗೆ ಇದು ಹೊಂದುವುದಿಲ್ಲ, ಅಲ್ಲಿಗೆ ಕೆಫೆನ್ಸ್ (KFENCE, 5.12ರಿಂದ ಇರುವ ಹಗುರವಾದ ಪತ್ತೆ ಸಾಧನ) ಸಾಕು, ಆದರೆ ಅದು ಕೆಲವೇ ಅಲೊಕೇಶನ್‌ಗಳನ್ನು ಆರಿಸಿ ಕಾಯುತ್ತದೆ.

ಕೇಸಾನ್ ಸಾಮಾನ್ಯವಾಗಿ ಮೊದಲ ದೋಷವನ್ನಷ್ಟೇ ವರದಿ ಮಾಡಿ ಸುಮ್ಮನಾಗುತ್ತದೆ. ಮುಂದಿನ ದೋಷಗಳನ್ನೂ ವರದಿ ಮಾಡಿಸುವ ಮಲ್ಟಿ-ಶಾಟ್ ಬೂಟ್ ಆಯ್ಕೆ ಇದ್ದರೂ ಅದರ ಗೋಜು ಬೇಡ: ಒಮ್ಮೆ ಮೆಮೊರಿ ಕೆಟ್ಟ ಮೇಲೆ ಬರುವ ವರದಿಗಳನ್ನು ನಂಬುವಂತಿಲ್ಲ. ಮೊದಲ ವರದಿಗೇ ಕರ್ನಲ್ ಪ್ಯಾನಿಕ್ ಆಗಿ ನಿಲ್ಲುವಂತಿಟ್ಟು ರೀಬೂಟ್ ಮಾಡಿ. ಇಂಥ ದೋಷಗಳು ಹೆಚ್ಚಾಗಿ ಅಡಗಿರುವುದು ಎರರ್ ಪಾತ್‌ಗಳಲ್ಲಿ (ಏನಾದರೂ ವಿಫಲವಾದಾಗ ಮಾತ್ರ ಓಡುವ ಕೋಡ್). ಅಲ್ಲಿಗೆ ತಲುಪಲು ಫೇಲ್‌ಸ್ಲ್ಯಾಬ್ ಎಂಬ ಕರ್ನಲ್ ಸೌಲಭ್ಯದಿಂದ ಅಲೊಕೇಶನ್‌ಗಳನ್ನು ಬೇಕೆಂದೇ ವಿಫಲಗೊಳಿಸಿ.

ವರದಿಯಲ್ಲಿ ಮೂರು ಸ್ಟ್ಯಾಕ್ ಟ್ರೇಸ್‌ಗಳಿರುತ್ತವೆ (ಯಾವ ಫಂಕ್ಷನ್ ಯಾವುದನ್ನು ಕರೆಯಿತೆಂಬ ಪಟ್ಟಿ): ಮುಟ್ಟಿದ್ದು, ಅಲೊಕೇಟ್ ಆದದ್ದು, ಫ್ರೀ ಆದದ್ದು. ಎಲ್ಲರ ಕಣ್ಣೂ ಮೊದಲನೆಯದರ ಮೇಲೆ ಬೀಳುತ್ತದೆ, ಓದಬೇಕಾದದ್ದು ಮೂರನೆಯದನ್ನು. ಆಬ್ಜೆಕ್ಟ್‌ಗೆ ಇನ್ನೂ ಬಳಕೆದಾರರಿದ್ದಾಗ ಅದನ್ನು ಫ್ರೀ ಮಾಡಿದವರು ಯಾರು, ಯಾವ ಲಾಕ್ ಹಿಡಿದಿದ್ದರು, ರೆಫರೆನ್ಸ್ ಎಣಿಕೆ (ಬಳಕೆದಾರರು ಎಷ್ಟೆಂಬ ಲೆಕ್ಕ) ಎಲ್ಲಿ ತಪ್ಪಿತು ಎಂದು ಹುಡುಕಿ.

ಫ್ರೀ ಮಾಡಿದ ಮೇಲೆ ಪಾಯಿಂಟರ್‌ಗೆ ನಲ್ ಹಾಕುವುದು ಬರೀ ತೇಪೆ. ಅದೇ ವಿಳಾಸದ ಪ್ರತಿ ಟೈಮರ್‌ನಲ್ಲೋ ವರ್ಕ್‌ಕ್ಯೂನಲ್ಲೋ (ಆಮೇಲೆ ಮಾಡಬೇಕಾದ ಕೆಲಸಗಳ ಸಾಲು) ಉಳಿದಿರಬಹುದು. ಫ್ರೀ ಮಾಡುವ ಮುನ್ನ ಅವನ್ನು ರದ್ದು ಮಾಡಿ, ಓಡುತ್ತಿರುವುದು ಮುಗಿಯುವವರೆಗೆ ಕಾಯಬೇಕು. ಲಾಕ್ ಇಲ್ಲದೆ ಓದಲು ಬಿಡುವ ಆರ್‌ಸಿಯು (RCU) ವಿಧಾನದ ಅಡಿಯಲ್ಲಿ ಹುಡುಕುವ ಕೋಡ್‌ನಲ್ಲಿ ಎಣಿಕೆ ಸೊನ್ನೆಯಲ್ಲದಿದ್ದರೆ ಮಾತ್ರ ಹೆಚ್ಚಿಸಿ. ಫ್ರೀ ಮಾಡುವುದನ್ನು ಗ್ರೇಸ್ ಪೀರಿಯಡ್ (ಆಗಲೇ ಓದುತ್ತಿದ್ದವರೆಲ್ಲ ಮುಗಿಸಲು ಬೇಕಾದ ಅವಧಿ) ಮುಗಿಯುವವರೆಗೆ ತಡೆದಿಡಿ.

ತಿದ್ದಿದ ಮೇಲೆ ಅದೇ ಪರೀಕ್ಷೆಯನ್ನು ಹಲವು ಸಿಪಿಯುಗಳೊಂದಿಗೆ ಮತ್ತೆ ಮತ್ತೆ ಓಡಿಸಿ, ಏಕೆಂದರೆ ರೇಸ್ (ಒಟ್ಟಿಗೆ ಓಡುವ ಕೆಲಸಗಳ ಹೊತ್ತು ಏರುಪೇರಾಗಿ ಆಗುವ ತಪ್ಪು) ಒಂದೆರಡು ಸಲಕ್ಕೆ ಕಾಣಿಸುವುದಿಲ್ಲ. ವರದಿ ಬಾರದಿದ್ದರೂ ಕೋಡ್ ಸುರಕ್ಷಿತವೆಂದಲ್ಲ: 2016ರಲ್ಲಿ ಬಯಲಾದ ಡರ್ಟಿ ಕೌ ಎಂಬ ಲಿನಕ್ಸ್ ದೋಷ ಕೂಡ ಮೆಮೊರಿ ನಿರ್ವಹಣೆಯ ರೇಸ್ ದೋಷವೇ, ಆದರೆ ಅಲ್ಲಿ ಫ್ರೀ ಆದ ಆಬ್ಜೆಕ್ಟ್ ಯಾವುದೂ ಇರಲಿಲ್ಲ. ಅಂಥದ್ದು ಕೇಸಾನ್‌ಗೆ ಕಾಣದು.